ಡಬ್ಬಿಯ ಕಾವಲು

ಧಾರವಾಡದ ಸಪ್ತಾಪುರದ ಖಾನಾವಳಿಯಲ್ಲಿ ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ಫೋನು ಬರುತ್ತಿತ್ತು. ಯಾರದೆಂದು ನೋಡುವ ಅಗತ್ಯವಿರಲಿಲ್ಲ.

"ತಮ್ಮಾ, ಡಬ್ಬಿ ತೆರೀವಲ್ದು."

"ಏನಂತೈತ್ರಿ ಅಕ್ಕೋರ?"

"ಕೆಂಪ ಅಕ್ಷರದಾಗ ಏನೋ ಬೈಯಾಕತ್ತೈತಿ. ಇಂಗ್ಲಿಷಿನ್ಯಾಗ ಬೈತೈತಿ ನೋಡು, ಹಂಗಾಗಿ ಅಷ್ಟ ಸಿಟ್ಟ ಬರವಲ್ದು."

"ಅದನ್ನ ಓದಿ ಹೇಳ್ರಿ."

"ಓದಿ ತಿಳಕೊಳ್ಳಾಂಗಿದ್ರ ನಿನಗ್ಯಾಕ ಫೋನ್ ಮಾಡ್ತಿದ್ನಿ?"

ಕಾಲೇಜಿನ ದಿನಗಳನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದವನು ನಾನು. ಎದುರಾಳಿಯ ಮಾತಿನಲ್ಲಿ ಯಾವ ಕೊಂಡಿ ಸಡಿಲವಾಗಿದೆ ಎಂದು ಹುಡುಕಿ ಅಲ್ಲೇ ಜಗ್ಗುವುದು ನನಗೆ ಕಲಿಸಿದ ವಿದ್ಯೆ. ಈ ಮಾತಿನಲ್ಲಿ ಸಡಿಲ ಕೊಂಡಿಯೇ ಇರಲಿಲ್ಲ. ಊಟ ಮುಗಿಸಿ ವಿಭಾಗದ ಕಡೆ ನಡೆಯುತ್ತಿದ್ದೆ. ನನ್ನ ಕೋಣೆ ಇನ್ನೊಂದು ದಿಕ್ಕಿಗಿತ್ತು. ಅಲ್ಲಿ ನನ್ನ ಸ್ವಂತ ಪ್ರಬಂಧದ ಮೂರನೆಯ ಅಧ್ಯಾಯ ಅರ್ಧ ವಾಕ್ಯದಲ್ಲಿ ನಿಂತು ಬಹಳ ದಿನವಾಗಿತ್ತು.

ಅಕ್ಕೋರು ಎಂದರೆ ನಮ್ಮ ವಿಭಾಗದ ಹಿರಿಯ ಸಂಶೋಧಕಿ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿ, ರಜೆ ಹಾಕಿ ಪಿಎಚ್‌ಡಿಗೆ ಬಂದವರು. ದಿನಾ ರಾಯಾಪುರದಿಂದ ಬಸ್ಸು ಹಿಡಿದು ಬರುತ್ತಿದ್ದರು. ಶಾಲೆಯ ಮಕ್ಕಳು ಕರೆಯುವ ಹಾಗೆ ನಾವೂ ಅವರನ್ನು ಅಕ್ಕೋರೇ ಎನ್ನುತ್ತಿದ್ದೆವು. ಅವರೂ ನಮ್ಮನ್ನು ಶಾಲೆಯ ಮಕ್ಕಳ ಹಾಗೆಯೇ ನೋಡುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಲೈಬ್ರರಿಗೆ 'ಡಬ್ಬಿ' ಎಂದು ಹೆಸರಿಟ್ಟವರು ಅವರೇ. ಲೈಬ್ರರಿ ಎಂದರೆ ಪುಸ್ತಕ ಇರಬೇಕು, ಇದರಲ್ಲಿ ಪುಸ್ತಕ ಎಲ್ಲಿದೆ, ಮುಚ್ಚಳ ತೆಗೆದು ಬೇಕಾದ್ದನ್ನು ತಗೊಳ್ಳುವುದು ಡಬ್ಬಿ ತಾನೆ ಎಂಬುದು ಅವರ ವಾದ. ನಾನು ಅಲ್ಲಗಳೆದೆ. ಮರುದಿನದಿಂದ ಎಲ್ಲರೂ ಡಬ್ಬಿ ಎನ್ನತೊಡಗಿದರು.

ಅದು ಏನೆಂದು ಹೇಳಬೇಕು. ನಮ್ಮದು ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಯಾರ ಬಳಿ ಎಷ್ಟು ಹೊಲವಿದೆ, ಮನೆತನ ಹೇಗೆ ನಡೆಯುತ್ತದೆ ಎಂದು ಲೆಕ್ಕ ಹಾಕುವ ಪ್ರಾಜೆಕ್ಟು. ಒಬ್ಬೊಬ್ಬ ಸಂಶೋಧಕರಿಗೆ ಒಂದೊಂದು ಹಳ್ಳಿ. ಲೆಕ್ಕಕ್ಕೆ ಒಂದು ಅಂಕಿಅಂಶದ ಸಾಫ್ಟ್‌ವೇರ್. ನಾನು ಸೇರಿದ ಹೊಸದರಲ್ಲಿ ಎಲ್ಲರೂ ಅದರ ಮೆನು ಒತ್ತಿ ಒತ್ತಿ ಕೋಷ್ಟಕ ತೆಗೆಯುತ್ತಿದ್ದರು. ಒಂದೇ ಕಡತದಿಂದ ಇಬ್ಬರು ತೆಗೆದ ಒಂದೇ ಕೋಷ್ಟಕದಲ್ಲಿ ಎರಡು ಬೇರೆ ಉತ್ತರ ಬಂದವು. ಯಾವುದನ್ನು ಒತ್ತಿದ್ದೆವೆಂದು ಇಬ್ಬರಿಗೂ ನೆನಪಿರಲಿಲ್ಲ. ಆ ವಾರದ ಸೆಮಿನಾರಿನಲ್ಲಿ ನಾನು ಎದ್ದು ನಿಂತೆ. ಮೆನು ಒತ್ತುವುದು ನಿಲ್ಲಲಿ. ಮಾಡಿದ್ದನ್ನೆಲ್ಲ ಸ್ಕ್ರಿಪ್ಟಾಗಿ, ಅಂದರೆ ಸಾಲು ಸಾಲು ಆಜ್ಞೆಗಳಾಗಿ, ಬರೆಯೋಣ. ಎಲ್ಲರಿಗೂ ಬೇಕಾಗುವ ಲೆಕ್ಕಗಳನ್ನು ಒಂದು ಲೈಬ್ರರಿಯಲ್ಲಿ ಕಟ್ಟಿಡೋಣ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಅದನ್ನು ಕರೆದರೆ ಸಾಕು, ಸಾಫ್ಟ್‌ವೇರಿಗೆ ನಮ್ಮ ಮಾತು ತಿಳಿಯುತ್ತದೆ.

ನನ್ನ ಮಾರ್ಗದರ್ಶಕಿ, ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ಒಂದೇ ಪ್ರಶ್ನೆ ಕೇಳಿದ್ದರು: "ನೀ ಬರದಿಟ್ಟು ಹೋದಿ ಅಂತ ತಿಳಕೋ. ಮುಂದ ಯಾರ ನೋಡಬೇಕು?"

"ಯಾರೂ ನೋಡೂದ ಬ್ಯಾಡ್ರಿ ಮೇಡಂ. ಬರದಾಂವ ಇದ್ರೂ ನಡೀತೈತಿ, ಬಿಟ್ರೂ ನಡೀತೈತಿ. ಸ್ಕ್ರಿಪ್ಟ್ ಅಂದ್ರ ಅದರಿ."

ಸೆಮಿನಾರಿನಲ್ಲಿ ಯಾರೋ ಮೇಜು ಕುಟ್ಟಿದರು. ನಾನು ಗೆದ್ದೆ. ಗೆದ್ದ ಚರ್ಚೆಯ ಬಹುಮಾನ ಮನೆಗೆ ಒಯ್ಯಬೇಕಾಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಡಬ್ಬಿಯಲ್ಲಿ ಮೊದಲು ಬರೆದದ್ದು ಗುಂಟೆಯ ಫಂಕ್ಷನ್, ಅಂದರೆ ಗುಂಟೆಯ ಲೆಕ್ಕವನ್ನು ತಾನೇ ಮಾಡುವ ತುಣುಕು. ನಮ್ಮ ಕಡೆ ಹೊಲ ಎಷ್ಟೆಂದು ಕೇಳಿದರೆ ಎಕರೆ-ಗುಂಟೆಯಲ್ಲಿ ಹೇಳುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆ ಎಂದರೆ ಎರಡೂವರೆ ಎಕರೆ. ಬರೆಯುವಾಗ ನಡುವೆ ಚುಕ್ಕೆ ಇಡುವುದು ರೂಢಿ: 2.20. ಬರೆದವರಿಗೂ ಓದುವವರಿಗೂ ಇದರಲ್ಲಿ ತೊಡಕಿಲ್ಲ. ಸಾಫ್ಟ್‌ವೇರಿಗೆ ಮಾತ್ರ ಅದು ಎರಡು ಪಾಯಿಂಟ್ ಎರಡು, ಅಂದರೆ ಎರಡು ಎಕರೆ ಎಂಟೇ ಗುಂಟೆ. ಎರಡೂವರೆ ಎಕರೆಯ ರೈತ ನಮ್ಮ ಕಂಪ್ಯೂಟರ್ ಕೋಣೆಯೊಳಗೆ ಬಂದ ಕೂಡಲೇ ಹನ್ನೆರಡು ಗುಂಟೆ ಕಳೆದುಕೊಳ್ಳುತ್ತಿದ್ದ. ಸಾಫ್ಟ್‌ವೇರಿನ ಜೊತೆ ಬರುವ ಯಾವ ಲೈಬ್ರರಿಗೂ ಗುಂಟೆ ಗೊತ್ತಿರಲಿಲ್ಲ. ನಾನು ಗೊತ್ತು ಮಾಡಿಸಿದೆ.

ಇನ್ನೂ ಒಂದು ಸಣ್ಣ ಕಿತಾಪತಿ ಇತ್ತು. 2.20 ಎಂದು ಟೈಪು ಮಾಡಿದರೆ ಕಂಪ್ಯೂಟರಿನ ಹಾಳೆ ಕೊನೆಯ ಸೊನ್ನೆಯನ್ನು ನುಂಗಿ 2.2 ಎಂದು ಇಟ್ಟುಕೊಳ್ಳುತ್ತದೆ. ಎರಡೇ ಗುಂಟೆ ಇದ್ದರೆ ನಮ್ಮವರು 2.02 ಎಂದು ಬರೆಯುತ್ತಿದ್ದರು. ಹಾಗಾಗಿ ಚುಕ್ಕೆಯ ಮುಂದೆ ಒಂಟಿ ಅಂಕಿ ಕಂಡರೆ ಅದನ್ನು ಹತ್ತರಿಂದ ಗುಣಿಸು ಎಂದು ಫಂಕ್ಷನ್ನಿಗೆ ಹೇಳಿದ್ದೆ. ಎರಡು ಎಂದರೆ ಇಪ್ಪತ್ತು, ಮೂರು ಎಂದರೆ ಮೂವತ್ತು. ಚೆನ್ನಾಗಿಯೇ ನಡೆಯಿತು.

ಚೆನ್ನಾಗಿ ನಡೆದದ್ದೇ ನನಗೆ ಮುಳುವಾಯಿತು. ಅಕ್ಕೋರಿಗೆ ಕೋಷ್ಟಕದ ತಲೆಬರಹ ಕನ್ನಡದಲ್ಲಿ ಬೇಕಾಯಿತು, ಹಾಕಿಕೊಟ್ಟೆ. ಇನ್ನೊಬ್ಬರಿಗೆ ಎತ್ತು-ಎಮ್ಮೆ ಬೇರೆ ಬೇರೆ ಎಣಿಸಬೇಕಾಯಿತು, ಹಾಕಿಕೊಟ್ಟೆ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಡಬ್ಬಿ ಅರ್ಧ ಒಡೆಯಿತು, ಕೂತು ಬೆಸೆದೆ. ಎಲ್ಲರ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಡಬ್ಬಿ ಇತ್ತು. ಆದ್ದರಿಂದ ಎಲ್ಲರ ತಪ್ಪಿನ ಕೊನೆಯಲ್ಲಿ ನಾನಿದ್ದೆ. ನಮ್ಮ ಕಂಪ್ಯೂಟರ್ ಕೋಣೆಯ ಕಿಟಕಿಗಳಿಗೆ ಧೂಳು ಬರಬಾರದೆಂದು ಯಾವಾಗಲೋ ಮೊಳೆ ಹೊಡೆದಿದ್ದರು. ಹೊರಗೆ ಗುಲ್‌ಮೊಹರ್ ಹೂ ಬಿಟ್ಟದ್ದು ಬಂದವರ ಚಪ್ಪಲಿಗೆ ಅಂಟಿದ ಎಸಳಿನಿಂದ ತಿಳಿಯುತ್ತಿತ್ತು. ಯುಪಿಎಸ್ ಕುಂಯ್ಗುಡುತ್ತಿತ್ತು. ನಾನು ಇನ್ನೊಬ್ಬರ ಹೆಗಲ ಮೇಲಿಂದ ಬಗ್ಗಿ ಇನ್ನೊಬ್ಬರ ಪರದೆ ನೋಡುತ್ತಿದ್ದೆ. ಪ್ರಬಂಧ ಸಲ್ಲಿಸುವ ಗಡುವು ಆ ವರ್ಷದ ಕೊನೆಗಿತ್ತು. ಅದು ತಪ್ಪಿದರೆ ನೋಂದಣಿ ರದ್ದು.

ಕೊನೆಗೆ ಮೇಡಂ ಕೋಣೆಗೆ ಹೋಗಿ, ಪ್ರಾಜೆಕ್ಟಿನ ಕೆಲಸದಿಂದ ನನ್ನನ್ನು ಬಿಡುಗಡೆ ಮಾಡಿ, ಬರೆಯಲು ಕೂರುತ್ತೇನೆ ಎಂದೆ. ವಾದವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಂಡು ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತ ಪೂರ್ತಿ ಕೇಳಿದರು.

"ಬರದಾಂವ ಇದ್ರೂ ನಡೀತದ, ಬಿಟ್ರೂ ನಡೀತದ. ಯಾರ ಹೇಳಿದ ಮಾತದು?"

"ನಾನರಿ."

"ಹಂಗಾರ ನಡಸಿ ತೋರಸು. ನೀ ಇಲ್ಲದಾಗ ಬ್ಯಾರೆಯವರು ಯಾರರೆ ಒಬ್ಬರು ಆ ಡಬ್ಬಿ ತೆಗದು, ಒಳಗ ಒಂದು ಬದಲ ಮಾಡಿ, ನನ್ನ ಮುಂದ ಓಡಿಸಿ ತೋರಸಲಿ. ಅವತ್ತ ನಿನ್ನ ಬಿಡುಗಡೆ ಪತ್ರಕ್ಕ ಸಹಿ ಮಾಡ್ತೇನಿ."

"ಮೇಡಂ, ಅದು ಸೆಮಿನಾರಿನ್ಯಾಗ ಆಡಿದ ಮಾತರಿ. ಅದಕ್ಕೂ ಇದಕ್ಕೂ..."

"ಅವತ್ತ ನಾ ಸೋತೆ. ಸೋತ ಮ್ಯಾಲೆ ನಿನ್ನ ಮಾತನ್ನ ನಾನು ಖರೇ ಅಂತ ನಂಬೇನಿ. ಈಗ ನೀನ ನಂಬಲಿಲ್ಲ ಅಂದ್ರ ಹೆಂಗ?"

ನನ್ನ ವಾಕ್ಯವನ್ನೇ ಹಿಡಿದು ನನ್ನನ್ನು ಕಟ್ಟಿಹಾಕಿದರು. ಸ್ಪರ್ಧೆಯಾಗಿದ್ದರೆ ಎದ್ದು ಕೈಕುಲುಕುತ್ತಿದ್ದೆ. ಅನ್ಯಾಯವೆಂದು ಅನ್ನಿಸಿತು, ಆದರೆ ಅದು ಯಾಕೆ ಅನ್ಯಾಯವೆಂದು ಒಂದು ಸಾಲಿನಲ್ಲಿ ಹೇಳಲು ಬರಲಿಲ್ಲ. ಈಗಲೂ ಬರುವುದಿಲ್ಲ.

ಒಪ್ಪಿಸಿಕೊಡಲು ಹೊರಟೆ. ಸೂಚನೆಗಳನ್ನು ಬರೆದು ಎಲ್ಲರಿಗೂ ಕಳಿಸಿದೆ, ಯಾರೂ ಓದಲಿಲ್ಲ. ಶನಿವಾರ ಮಧ್ಯಾಹ್ನ ಕಲಿಸುತ್ತೇನೆ ಎಂದೆ. ಬಂದವರು ತಮ್ಮ ತಮ್ಮ ಕೆಟ್ಟ ಸ್ಕ್ರಿಪ್ಟುಗಳನ್ನು ತಂದು ರಿಪೇರಿ ಮಾಡಿಸಿಕೊಂಡು ಹೋದರು. ಅಕ್ಕೋರು ಮಾತ್ರ ಕೂತು ಕೇಳಿದರು, ಕೊನೆಗೆ ಅಂದರು, "ಎಲ್ಲಾ ತಿಳೀತು ತಮ್ಮಾ. ಆದ್ರ ನೀ ಇರೂ ತನಕಾ ನಾ ಯಾಕ ಕೈ ಹಚ್ಚಲಿ? ಕೆಡಸಿದ್ರ ಮತ್ತ ನೀನ ಸರಿ ಮಾಡಬೇಕು. ನಿನಗ ಎರಡ ಕೆಲಸ."

ಇದರಲ್ಲಿ ತರ್ಕವಿತ್ತು. ಅವರು ಯಾರೂ ಸೋಮಾರಿಗಳಲ್ಲ. ನಾನು ಅವರಿಗೆಲ್ಲ ಅತಿ ಹತ್ತಿರದ ದಾರಿಯಾಗಿದ್ದೆ, ಅಷ್ಟೇ.

ಕೋಣೆಯ ಗೆಳೆಯನ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವನು ಹುಬ್ಬಳ್ಳಿಯವನು, ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ. ಅವನ ತಂದೆಯದು ಗಾಡಿ ರಿಪೇರಿಯ ಗ್ಯಾರೇಜು. ಸಂಜೆಯ ಚಹಾ ಬಸಿಯಲ್ಲಿ ಸುರಿದುಕೊಳ್ಳುತ್ತ ನಕ್ಕ.

"ನಮ್ಮ ಅಬ್ಬಾನ ಕಡೆ ಒಂದ ಹಳೇ ಸ್ಕೂಟರ್ ಬರ್ತಿತ್ತು. ಅಬ್ಬಾ ಕಿಕ್ ಹೊಡದ್ರ ಅಷ್ಟ ಚಾಲೂ ಆಗೂದು. ಮಾಲಕ ದಿನಾ ಮುಂಜಾನೆ ಅದನ್ನ ನೂಕ್ಕೋತ ಬಂದು ಅಬ್ಬಾನ ಕಡೆ ಕಿಕ್ ಹೊಡಿಸ್ಕೊಂಡು ಕೆಲಸಕ್ಕ ಹೋಗಾಂವ. ಅಬ್ಬಾಗ ದೊಡ್ಡ ಅಭಿಮಾನ."

"ಮುಂದ?"

"ಮುಂದ ಏನು, ಅಬ್ಬಾ ಊರು ಬಿಟ್ಟು ಒಂದ ಮದಿವಿಗೂ ಹೋಗಲಿಲ್ಲ. ನೀನೂ ಹೋಗೂದಿಲ್ಲ ತಗೋ. ಕಿಕ್ ಹೊಡಿಯೂದು ಬಿಡು. ಅವರ ಕಾಲಿಗೇನ ಆಗೈತಿ?"

ಕಿಕ್ ಹೊಡೆಯುವುದನ್ನು ಬಿಡಲು ನೆವ ಬೇಕಿತ್ತು, ಅದು ತಾನೇ ಬಂತು. ಪ್ರಾಜೆಕ್ಟಿನಲ್ಲಿ ಅಕ್ಕೋರ ಪಾಲಿನ ಹಳ್ಳಿ ಹೆಬ್ಬಳ್ಳಿ. ಅಲ್ಲಿ ಮನೆಮನೆಗೆ ಹೋಗಿ ಕೈಯಲ್ಲಿ ತುಂಬಿದ ಫಾರ್ಮುಗಳಿಂದ ಕಡತ ಆಗಷ್ಟೇ ಟೈಪಾಗಿ ಬಂದಿತ್ತು. ಡಬ್ಬಿಯಿಂದ ಹೊರಬಂದ ಕೋಷ್ಟಕ ನೋಡುತ್ತಿದ್ದಾಗ ಒಂದು ಮನೆತನಕ್ಕೆ 'ಒಂದು ಎಕರೆ ಎಪ್ಪತ್ತು ಗುಂಟೆ' ಎಂದಿತ್ತು. ನಲವತ್ತಕ್ಕೇ ಎಕರೆ ಮುಗಿಯುತ್ತದೆ. ಎಪ್ಪತ್ತು ಗುಂಟೆ ಎಲ್ಲಿಂದ ಬಂತು? ಕಡತದಲ್ಲಿ 1.7 ಎಂದಿತ್ತು. ಟೈಪು ಮಾಡಿದವರು ಏಳು ಗುಂಟೆಯನ್ನು ಸೊನ್ನೆಯಿಲ್ಲದೆ ಬರೀ ಏಳು ಎಂದು ಹೊಡೆದಿದ್ದರು, ನನ್ನ ಫಂಕ್ಷನ್ ಹತ್ತರಿಂದ ಗುಣಿಸಿ ಕೂತಿತ್ತು. ಏಳು ಸಿಕ್ಕಿಬಿತ್ತು, ಸರಿ. ಅದೇ ಕಡತದಲ್ಲಿರುವ 2.2 ಏನು? ಎರಡು ಗುಂಟೆಯೋ, ಸೊನ್ನೆ ನುಂಗಿಹೋದ ಇಪ್ಪತ್ತೋ? ಯಂತ್ರಕ್ಕೆ ತಿಳಿಯುವುದು ಸಾಧ್ಯವೇ ಇಲ್ಲ.

ಆ ಮಧ್ಯಾಹ್ನ ಫಂಕ್ಷನ್ನಿನ ಊಹೆಯನ್ನು ಕಿತ್ತುಹಾಕಿದೆ. ಒಂಟಿ ಅಂಕಿ ಕಂಡರೆ ಇನ್ನು ಮುಂದೆ ಡಬ್ಬಿ ನಿಂತುಬಿಡುತ್ತದೆ, ನಿಂತು ಕನ್ನಡದಲ್ಲೇ ಹೇಳುತ್ತದೆ: 'ಇದು ಎರಡೋ ಇಪ್ಪತ್ತೋ? ಮೂಲ ಫಾರ್ಮು ನೋಡಿ.'

ಮರುದಿನ ವಿಭಾಗದಲ್ಲಿ ಯಾರ ಲೆಕ್ಕವೂ ಮುಂದೆ ಹೋಗಲಿಲ್ಲ. ಹೆಬ್ಬಳ್ಳಿ ಒಂದೇ ಅಲ್ಲ, ಸೊನ್ನೆ ನುಂಗಿಹೋದ ಒಂಟಿ ಅಂಕಿ ಎಲ್ಲೆಡೆ ಇದ್ದುದರಿಂದ ಎಲ್ಲ ಹಳ್ಳಿಗಳ ಕಡತವೂ ಅಲ್ಲಲ್ಲೇ ನಿಂತಿತು. ಅಕ್ಕೋರು ಕಾರಿಡಾರಿನಲ್ಲಿ ನನ್ನನ್ನು ತಡೆದರು.

"ಏನೋ ತಮ್ಮಾ, ಇಷ್ಟ ದಿನಾ ಇಂಗ್ಲಿಷಿನ್ಯಾಗ ಬೈತಿತ್ತು, ಈಗ ಕನ್ನಡದಾಗ ಬೈಯಾಕ ಕಲಿಸೀಯಲ್ಲ."

"ಖರೇನ ಕೇಳಾಕತ್ತೈತ್ರಿ ಅಕ್ಕೋರ. ಎರಡೋ ಇಪ್ಪತ್ತೋ ಹೇಳ್ರಿ."

"ಟೈಪ್ ಮಾಡಿದ ಹುಡುಗಿ ಲಗ್ನಾ ಮಾಡ್ಕೊಂಡು ಬೆಳಗಾವಿಗೆ ಹೋದ್ಲು. ಲಗ್ನದ ಹಂದರದಾಗ ನಿಂತು ಕೇಳಬೇಕಿತ್ತೇನು?"

"ಫಾರ್ಮ್ ಅದಾವಲ್ರಿ, ಗಂಟ ಬಿಚ್ಚಿ ನೋಡ್ರಿ."

"ಗಂಟ ಬಿಚ್ಚಾಕ ನನ್ನ ರಜಾ ಮುಗೀತಾವ. ನೋಡು, ಇಪ್ಪತ್ತ ಅಂತ ತಿಳಕೊಂಡ್ರ ಹೆಚ್ಚಿನವು ಸರಿ ಬರ್ತಾವ. ನಿನ್ನಂಗ ನಿಂತ್ರ ಒಂದೂ ಬರಂಗಿಲ್ಲ. ಹತ್ತರಾಗ ಎಂಟ ಸರಿ ಇದ್ದದ್ದ ಛಲೋನೋ, ಸೊನ್ನಿ ಛಲೋನೋ?"

ಒಳ್ಳೆಯ ವಾದ. ನಾನು ತಲೆ ಅಲ್ಲಾಡಿಸಿ ಹೊರಟುಹೋದೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮತ್ತೆ ಅವರ ಪರದೆಯ ಮುಂದೆ ಕೂರಬೇಕಾಗುತ್ತಿತ್ತು.

ಮುಂದಿನ ಕೆಲವು ದಿನ ಖಾನಾವಳಿಯಲ್ಲಿ ಫೋನು ಬರಲಿಲ್ಲ. ಬಿಸಿ ರೊಟ್ಟಿಯನ್ನು ಬಿಸಿಯಿದ್ದಾಗಲೇ ತಿಂದೆ, ಆದರೆ ಕೈ ಮಾತ್ರ ಮತ್ತೆ ಮತ್ತೆ ಕಿಸೆಗೆ ಹೋಗುತ್ತಿತ್ತು. ಕಡೆಗೆ ತಡೆಯಲಾರದೆ ವಿಭಾಗಕ್ಕೆ ಹೋಗಿ ಡಬ್ಬಿಯನ್ನು ತೆರೆದು ನೋಡಿದೆ. ನಾನು ಬರೆದ 'ನಿಲ್ಲು' ಸಾಲಿನ ಮುಂದೆ ಯಾರೋ ಒಂದು ಗುರುತು ಹಾಕಿ ಅದನ್ನು ನಿಷ್ಕ್ರಿಯ ಮಾಡಿದ್ದರು. ಕೆಳಗೆ ಹಳೆಯ ಗುಣಾಕಾರ ಮತ್ತೆ ಬಂದಿತ್ತು. ಅದು ನಾನು ಬರೆಯುವ ರೀತಿಯಲ್ಲ. ಶಾಲೆಯ ಬೋರ್ಡಿನ ಮೇಲೆ ಬರೆದ ಹಾಗೆ ಒಂದೊಂದು ಹೆಜ್ಜೆಗೂ ಒಂದೊಂದು ಸಾಲು, ಪ್ರತಿ ಸಾಲಿನ ಪಕ್ಕದಲ್ಲಿ ಕನ್ನಡದಲ್ಲಿ ವಿವರಣೆ. ಅಕ್ಕೋರು ತಾವೇ ಡಬ್ಬಿ ಬಿಚ್ಚಿದ್ದರು. ಯಾರನ್ನೂ ಕೇಳಿರಲಿಲ್ಲ.

ನನಗೆ ಕುಣಿಯಬೇಕೆನ್ನಿಸಿತು. ಅವರು ಮಾಡಿದ ಬದಲಾವಣೆ ತಪ್ಪೆಂಬುದೂ ಅದೇ ಕ್ಷಣ ಕಣ್ಣಿಗೆ ಹೊಡೆಯುತ್ತಿತ್ತು.

ಮೇಡಂಗೆ ಸುದ್ದಿ ಮುಟ್ಟಿಸಿದೆ. "ಛಲೋ ಆತು," ಎಂದರು. "ನಾಳೆ ಅಕೀ ನನ್ನ ಕೋಣ್ಯಾಗ ಮಾಡಿ ತೋರಸಲಿ. ನೀ ಹೊರಗ ನಿಂದ್ರು. ಒಂದ ಶಬ್ದ ಒಳಗ ಬರಬಾರದು."

ಮರುದಿನ ನಾನು ಕಾರಿಡಾರಿನಲ್ಲಿ ನಿಂತೆ. ಬಾಗಿಲು ಓರೆಯಾಗಿತ್ತು. ಬಿಡುಗಡೆ ಪತ್ರ ಮೇಡಂ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಇತ್ತು, ನಾನೇ ಟೈಪು ಮಾಡಿ ಇಟ್ಟದ್ದು. ಒಳಗೆ ಅಕ್ಕೋರು ಡಬ್ಬಿ ತೆರೆದರು. ಒಂದು ತಲೆಬರಹ ಬದಲಿಸಿದರು. ಓಡಿಸಿದರು. ಓಡಿತು. ಮೇಡಂ ಭೇಷ್ ಎಂದದ್ದು ಕೇಳಿಸಿತು. ಪೇಪರ್‌ವೇಟು ಸರಿದ ಸದ್ದೂ ಕೇಳಿಸಿತು.

ಆಮೇಲೆ ಮೇಡಂ ಸಹಜವಾಗಿ ಎಂಬಂತೆ ಕೇಳಿದರು, "ಇಲ್ಲಿ ಹೆಬ್ಬಳ್ಳಿದು 2.2 ಅಂತ ಅದ ಅಲ್ಲ, ಇದನ್ನ ಹೆಂಗ ಓದ್ತದ?"

"ಎರಡ ಎಕರೆ ಇಪ್ಪತ್ತ ಗುಂಟೆರಿ."

"ಎರಡ ಗುಂಟೆ ಇರಬಹುದಲ್ಲ?"

"ಇರಬಹುದ್ರಿ. ಹೆಚ್ಚಿನವು ಇಪ್ಪತ್ತ ಇರ್ತಾವ. ಒಂದ ಅಲ್ಲೊಂದ ಇಲ್ಲೊಂದ ತಪ್ಪಿದ್ರ ಸರಾಸರಿಗೆ ಏನೂ ಆಗಂಗಿಲ್ರಿ."

ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಹಳೆಯ ಸೆಮಿನಾರೊಂದರ ಪೋಸ್ಟರು ಇತ್ತು, ಅದನ್ನು ಓದತೊಡಗಿದೆ. ಬಾಯಿ ಮುಚ್ಚಿಕೊಂಡು ಇನ್ನೊಂದು ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಪೆನ್ನಿನ ಕ್ಯಾಪು ಬಿಚ್ಚಿದ ಸದ್ದು ಬಂತು. ಅಲ್ಲೊಂದು ಇಲ್ಲೊಂದು ಎನ್ನುತ್ತಾರಲ್ಲ. ತಪ್ಪು ಎರಡೂ ಕಡೆ ಬಿದ್ದರೆ ಒಂದನ್ನೊಂದು ಹೊಡೆದುಹಾಕುತ್ತದೆ, ನಿಜ. ಇದು ಹಾಗಲ್ಲ. ಎರಡು ಇಪ್ಪತ್ತಾಗಬಹುದು, ಇಪ್ಪತ್ತು ಎಂದೂ ಎರಡಾಗುವುದಿಲ್ಲ. ಪ್ರತಿ ತಪ್ಪೂ ಹೊಲವನ್ನು ಹಿಗ್ಗಿಸುತ್ತದೆ. ಹೆಬ್ಬಳ್ಳಿಯ ಸಣ್ಣ ಹಿಡುವಳಿಯವರೆಲ್ಲ ನಮ್ಮ ಕೋಷ್ಟಕದಲ್ಲಿ ಸ್ವಲ್ಪ ಸ್ವಲ್ಪವೇ ಉಳ್ಳವರಾಗಿ ಕಾಣುತ್ತಾರೆ.

ಇದನ್ನು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆನೆಂದು ತಿಳಿದಿದ್ದೆ. ಆದರೆ ಬಾಗಿಲಿನ ಹಿಡಿಕೆ ನನ್ನ ಕೈಯಲ್ಲಿತ್ತು.

"ಒಳಗ ಬಾ," ಎಂದರು ಮೇಡಂ, ತಲೆ ಎತ್ತದೆ. "ನಿನ್ನ ಕಡಿಂದ ಆಗಂಗಿಲ್ಲ ಅಂತ ಗೊತ್ತಿತ್ತು."

ಹೇಳಿದೆ. ಹೊಲ ಹಿಗ್ಗುವುದು, ತಪ್ಪೆಲ್ಲ ಒಂದೇ ಕಡೆ ವಾಲುವುದು, ಎಲ್ಲ ಹೇಳಿದೆ. ಅಕ್ಕೋರು ಪರದೆ ನೋಡುತ್ತ ಕೇಳಿದರು. ಅವರ ಮುಖ ಗಂಟಿಕ್ಕಿತು, ಆಮೇಲೆ ಸಡಿಲವಾಯಿತು.

"ಇದನ್ನ ಅವತ್ತ ಕಾರಿಡಾರಿನ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಡಬ್ಬಿ ಬಿಚ್ಚತಿದ್ದಿಲ್ರಿ."

"ಖರೇ ಐತಿ," ಎಂದರು. ಸ್ವಲ್ಪ ಹೊತ್ತು ಬೆರಳಿನಿಂದ ಮೇಜು ತಟ್ಟಿದರು. "ಆದ್ರ ನಿನ್ನದೂ ತಪ್ಪ. ಎಲ್ಲಾ ಹಳ್ಳಿ ಯಾಕ ನಿಂದ್ರಸ್ತಿ? ಯಾವ ಕಡತದಾಗ ಒಂಟಿ ನಾಕು, ಐದು, ಏಳು ಕಾಣ್ತಾವ, ಆ ಕಡತದಾಗ ಅಷ್ಟ ಸೊನ್ನಿ ಇಲ್ಲದ ಟೈಪ್ ಮಾಡ್ಯಾರ ಅಂತ ಅರ್ಥ. ನಾಕರಿಂದ ಮ್ಯಾಲೆ ಯಾವುದೂ ಹತ್ತರ ಲೆಕ್ಕಕ್ಕ ಬರಂಗಿಲ್ಲಲ್ಲ. ಅದನ್ನೊಂದ ನಿಂದ್ರಸು. ಉಳದವು ಪಾಪ, ಅವುಗಳ ಪಾಡಿಗೆ ಓಡ್ಲಿ."

ನಾನು ಬಾಯಿ ತೆರೆದೆ. ಸಡಿಲ ಕೊಂಡಿ ಹುಡುಕಿದೆ. ಸಣ್ಣದೊಂದು ಇತ್ತು: ನಾಲ್ಕು, ಏಳು ಒಂದೂ ಇಲ್ಲದ ಸಣ್ಣ ಕಡತ ತಪ್ಪಿಸಿಕೊಳ್ಳಬಹುದು. ಅದನ್ನು ಹೇಳಿದೆ ಕೂಡ. ಅಂಥ ಕಡತ ನಮ್ಮಲ್ಲಿ ಯಾವುದಿದೆ ತೋರಿಸು ಎಂದರು. ಇರಲಿಲ್ಲ. ನನ್ನ ಎರಡು ವರ್ಷದ ಡಬ್ಬಿಯಲ್ಲಿ ನನಗೆ ಹೊಳೆಯದ ಸಾಲು ಅದು. ಡಬ್ಬಿ ಬಿಚ್ಚಿದ ವಾರದಲ್ಲಿ ಅವರಿಗೆ ಹೊಳೆದಿತ್ತು. ಅವರೇ ಟೈಪು ಮಾಡಿದರು. ಓಡಿಸಿದರು. ಎಲ್ಲ ಹಳ್ಳಿಗಳೂ ದಾಟಿದವು, ಹೆಬ್ಬಳ್ಳಿ ಒಂದೇ ನಿಂತಿತು.

ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಬಿಡುಗಡೆ ಪತ್ರವನ್ನು ಮತ್ತೆ ಪೇಪರ್‌ವೇಟಿನ ಕೆಳಗೆ ಸರಿಸಿದರು.

"ಮೇಡಂ, ಬದಲು ಮಾಡಿದ್ದು ಅಕ್ಕೋರಲ್ರಿ? ಓಡಿತಲ್ರಿ?"

"ನೀ ಇಲ್ಲದಾಗ ಅಂದಿದ್ದೆ. ನೀ ಇಲ್ಲೇ ನಿಂತೀಯಲ್ಲ. ಹೆಬ್ಬಳ್ಳಿ ಫಾರ್ಮ್ ಎಲ್ಲಾ ನೋಡಿ ಮುಗಸ್ರಿ, ಆಮ್ಯಾಲೆ ಮತ್ತೊಮ್ಮೆ ನೋಡೂಣು."

ಅಕ್ಕೋರು ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು. ಹೊರಗೆ ಬಂದ ಮೇಲೆ ಅಂದರು, "ನೀ ಹೊರಗ ಸುಮ್ಮ ನಿಂತಿದ್ರ ಇಷ್ಟೊತ್ತಿಗೆ ಇಬ್ಬರೂ ಮನಿಗೆ ಹೋಗ್ತಿದ್ವಿ. ನೀ ಬರ್ಕೋತ ಕುಂದರ್ತಿದ್ದಿ, ನಾ ನನ್ನ ತಪ್ಪ ಕೋಷ್ಟಕ ತಗೊಂಡು ಅರಾಮ ಇರ್ತಿದ್ನಿ."

"ಅರಾಮ ಇರ್ತಿದ್ರೇನ್ರಿ?"

"ಈಗ ಗೊತ್ತಾದ ಮ್ಯಾಲೆ ಇಲ್ಲ ಬಿಡು. ಅದಕ್ಕ ನಿನ್ನ ಮ್ಯಾಲೆ ಸಿಟ್ಟ ಬರಾಕತ್ತೈತಿ."

ಸ್ಟೋರಿನಿಂದ ಹೆಬ್ಬಳ್ಳಿಯ ಗಂಟನ್ನು ಇಬ್ಬರೂ ಹಿಡಿದು ತಂದೆವು. ಮೊಳೆ ಹೊಡೆದ ಕಿಟಕಿಯ ಕೆಳಗಿನ ಉದ್ದ ಮೇಜಿನ ಮೇಲೆ ಇಳಿಸಿದಾಗ ಧೂಳು ಎದ್ದು ಅಕ್ಕೋರು ಸೆರಗು ಮೂಗಿಗೆ ಹಿಡಿದರು. ಅವರು ಫಾರ್ಮು ತೆಗೆದು ಓದುವುದು, ನಾನು ಪರದೆಯಲ್ಲಿ ತಿದ್ದುವುದು ಎಂದಾಯಿತು. ನನ್ನ ಮೂರನೆಯ ಅಧ್ಯಾಯದ ಅರ್ಧ ವಾಕ್ಯ ಏನಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಕರ್ತೃಪದ ನೆನಪಾಯಿತು, ಕ್ರಿಯಾಪದ ಆಗಲಿಲ್ಲ.

"ಎರಡ ಎಕರೆ," ಎಂದರು ಅಕ್ಕೋರು ಮೊದಲ ಫಾರ್ಮು ಬೆಳಕಿಗೆ ಹಿಡಿದು. ಆಮೇಲೆ ನನ್ನನ್ನು ಕಾಯಿಸುವುದಕ್ಕೆಂದೇ ಕನ್ನಡಕ ಸರಿಮಾಡಿಕೊಂಡರು. "ಹೇಳು ನೋಡೂಣು ತಮ್ಮಾ. ಎರಡೋ ಇಪ್ಪತ್ತೋ?"

"ಓದಿ ಹೇಳ್ರಿ ಅಕ್ಕೋರ."

"ಎರಡ," ಎಂದರು.

ನಾನು 2.02 ಎಂದು ಹೊಡೆದು ಮುಂದಿನ ಸಾಲಿಗೆ ಹೋದೆ.